ಹಳೆಯ ಫೋರ್ಕಿನ ರಿಂಗು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಫೋನು ಮಾಡಬಹುದಿತ್ತು. ಆದರೆ ಫೋನಾದರೆ ಮೊದಲ ವಾಕ್ಯಕ್ಕೇ ಇಟ್ಟುಬಿಡುತ್ತೀಯ. ಕಾಗದವನ್ನು ಹರಿಯುವ ಮೊದಲು ಒಮ್ಮೆಯಾದರೂ ಓದುತ್ತೀಯ ಎಂಬ ನಂಬಿಕೆ ನನಗಿದೆ.

ನಿನ್ನ ಮಗಳು ಶನಿವಾರಗಳಲ್ಲಿ ನನ್ನ ಮನೆಗೆ ಬರುತ್ತಿರುವುದು ಓದಿಕೊಳ್ಳಲು ಅಲ್ಲ. ಅವಳ ಅಪ್ಪನ ಸೈಕಲ್ಲನ್ನು ಮತ್ತೆ ಜೋಡಿಸಲು.

ಬೆಟ್ಟದ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ಅವರು ತೀರಿಕೊಂಡ ಮೇಲೆ, ಕಣ್ಣೆದುರು ಬೇಡವೆಂದು ನೀನು ಫ್ರೇಮನ್ನೂ ಚಕ್ರಗಳನ್ನೂ ನನ್ನಲ್ಲಿಗೆ ಕಳಿಸಿದೆ. ಮುಂದಿನ ಚಕ್ರವನ್ನು ಹಿಡಿದಿದ್ದ ಕವಲು, ಆ ಸೊಟ್ಟಗಾದ ಫೋರ್ಕನ್ನು ಮಾತ್ರ, ಯಾಕೋ, ನಿನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಫ್ರೇಮು ನನ್ನ ಬಚ್ಚಲಿನ ಪಕ್ಕದ ಗೋಡೆಗೆ ಒರಗಿ ಒದ್ದೆ ಬಟ್ಟೆ ಹೊರುತ್ತಿತ್ತು.

“ದೊಡ್ಡಮ್ಮ, ಅಪ್ಪನ ಸೈಕಲ್ ಮೇಲೆ ನಿಮ್ಮ ಟವೆಲ್ ನೋಡೋಕಾಗಲ್ಲ” ಎಂದಳು ಒಂದು ದಿನ.

“ಹಾಗಾದ್ರೆ ಟವೆಲ್ ತೆಗಿ” ಎಂದೆ.

“ಟವೆಲ್ ಅಲ್ಲೇ ಇರ್ಲಿ, ಸೈಕಲ್ ತೆಗೀತೀನಿ” ಎಂದಳು.

ಅದೇ ಇಳಿಜಾರಿಗೆ ಹೋಗಬೇಕಂತೆ. ಅಪ್ಪ ಬಿದ್ದ ತಿರುವನ್ನು ದಾಟಿ ಬುಡದವರೆಗೂ ಇಳಿಯಬೇಕಂತೆ. ಬೇಡ ಎನ್ನಲು ಬಾಯಿ ತೆರೆದೆ. ಹತ್ತೊಂಬತ್ತರ ಹುಡುಗಿ, ಯಾರದೋ ಲಡಕಾಸಿ ಸೈಕಲ್ಲು ತಂದು ಹೇಳದೆ ಕೇಳದೆ ಹೊರಟುಬಿಟ್ಟರೆ? ಸುಮ್ಮನಾದೆ. ಅದು ವಿವೇಕವೋ ಹೇಡಿತನವೋ ಈಗಲೂ ನಿರ್ಧರಿಸಲಾಗಿಲ್ಲ. ಫ್ರೇಮನ್ನು ಸೈಕಲ್ ಅಂಗಡಿಯಲ್ಲಿ ತೋರಿಸಿ, ಎಲ್ಲೂ ಬಿರುಕಿಲ್ಲವೆಂದು ತಿಳಿದ ಮೇಲೆ ಅವಳು ಹೊಸ ಸಸ್ಪೆನ್ಷನ್ ಫೋರ್ಕು ತಂದಳು.

ನಿನ್ನೆ ಹಜಾರದಲ್ಲಿ ಹಳೇ ಬೆಡ್‌ಶೀಟು ಹಾಸಿ ಕೂತೆವು. ಫ್ರೇಮಿನ ಮೂತಿಯಲ್ಲಿ ಒಂದು ಗಿಡ್ಡ ಕೊಳವೆಯಿದೆಯಲ್ಲ, ಹೆಡ್ ಟ್ಯೂಬು, ಅದರೊಳಗೆ ಫೋರ್ಕಿನ ಉದ್ದನೆಯ ಕೊಳವೆಯನ್ನು ಕೆಳಗಿನಿಂದ ತೂರಿಸಬೇಕು. ನಾನು ಬೇರಿಂಗಿಗೆ ಗ್ರೀಸು ಬಳಿದೆ. ದಿನವಿಡೀ ಕನ್ನಡಕದ ಸ್ಕ್ರೂ ತಿರುಗಿಸುವ ಕೈ ನನ್ನದು. ಇದೇನು ಮಹಾ ಎಂಬ ಸಣ್ಣ ಜಂಬವೂ ಇತ್ತು. ಕೊಳವೆ ಸಲೀಸಾಗಿ ಏರಿತು. ಮುಂದಿನ ಚಕ್ರ, ಬ್ರೇಕು, ಹ್ಯಾಂಡಲು ಕೂರಿಸಿ ಮೇಲಿನ ಬೋಲ್ಟು ಬಿಗಿದೆವು. ಅವಳು ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿದಳು. ಟಕ್. ಇನ್ನಷ್ಟು ಬಿಗಿದೆ. ಮತ್ತೆ ಟಕ್, ಅಲ್ಲಾಡುವ ಹಲ್ಲಿನ ಹಾಗೆ.

“ಇದ್ರಲ್ಲಿ ಇಳಿದ್ರೆ ನನ್ನನ್ನ ನೀವು ಚೀಲದಲ್ಲಿ ತರಬೇಕಾಗುತ್ತೆ ದೊಡ್ಡಮ್ಮ” ಎಂದಳು. ಇಬ್ಬರೂ ನಕ್ಕೆವು. ಮರುಕ್ಷಣ ಇಬ್ಬರಿಗೂ ಮುಖ ಎತ್ತಲಾಗಲಿಲ್ಲ.

ಎಲ್ಲವನ್ನೂ ಬಿಚ್ಚಿದಾಗ ಅವಳಿಗೇ ಹೊಳೆಯಿತು. ಫೋರ್ಕಿನ ಬುಡದಲ್ಲಿ ತೆಳುವಾದ ಉಕ್ಕಿನ ರಿಂಗು ಒಂದಿರಬೇಕು. ಕೆಳಗಿನ ಬೇರಿಂಗು ಕೂರುವುದು ಅದರ ಮೇಲೆ. ಹೊಸ ಫೋರ್ಕಿನ ಜೊತೆ ಅದು ಬರುವುದಿಲ್ಲ, ಹಳೆಯದರಿಂದ ಬಿಡಿಸಿ ಹಾಕಿಕೊಳ್ಳಬೇಕು. ಬೇರೆ ಯಾರ ಮನೆಯಲ್ಲಾದರೂ ಹಳೆಯ ಫೋರ್ಕು ಪಕ್ಕದಲ್ಲೇ ಬಿದ್ದಿರುತ್ತಿತ್ತು, ರಿಂಗು ಮರೆತುಹೋಗುತ್ತಲೂ ಇರಲಿಲ್ಲ. ನಮ್ಮದು ನಿನ್ನ ಬೀರುವಿನಲ್ಲಿದೆ.

ಗ್ರೀಸು ಮೆತ್ತಿದ ಕೈಯಲ್ಲೇ ಹಣೆ ಒತ್ತಿಕೊಂಡು, “ಅಮ್ಮನ್ನ ಕೇಳೋಕೆ ನನ್ನ ಕೈಲಾಗಲ್ಲ” ಎಂದಳು. ನೀನು ಬೈಯುತ್ತೀಯ ಎಂದಲ್ಲ ಪುಟ್ಟೀ. ಬೈಯದೆ, ಅಳದೆ, ಬೀರು ತೆಗೆದು ಸುಮ್ಮನೆ ಕೊಟ್ಟುಬಿಡುತ್ತೀಯ ಎಂಬ ಭಯವಂತೆ.

ಅದಕ್ಕೇ ನಾನು ಕೇಳುತ್ತಿದ್ದೇನೆ. ನಿನ್ನ ಒಪ್ಪಿಗೆ ಬೇಡುತ್ತಿದ್ದೇನೋ, ನನ್ನ ಹೆದರಿಕೆಗೆ ಜೊತೆ ಹುಡುಕುತ್ತಿದ್ದೇನೋ, ಅದೂ ಸ್ಪಷ್ಟವಿಲ್ಲ. ಕೊಡುವುದಾದರೆ ನೀನೇ ತಂದು ಅವಳ ಕೈಗೆ ಕೊಡು. ಅವಳು ಇಳಿಯುವ ದಿನ ನಾವಿಬ್ಬರೂ ಬುಡದಲ್ಲಿ ನಿಂತು ಕಾಯೋಣ. ಕೊಡುವುದಿಲ್ಲವಾದರೆ ಅದನ್ನೂ ಅವಳೆದುರು ಕೂತು ಹೇಳು. ಅವರು ಹೋದಮೇಲೆ ನೀವಿಬ್ಬರೂ ಅವರ ವಿಷಯ ಮಾತಾಡಿದ್ದನ್ನು ನಾನು ಕಂಡೇ ಇಲ್ಲ.

ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು ಉಳಿದಿರುವ,
ನಿನ್ನ ಅಕ್ಕ

ತಾ.ಕ.: ಅಂಥ ರಿಂಗು ಅಂಗಡಿಯಲ್ಲೇ ಸಿಗುತ್ತದೆ. ಇವತ್ತು ಬೆಳಿಗ್ಗೆ ಹೋಗಿ ತಂದೆ, ಹಾಕಿ ನೋಡಿದೆ, ಜಗ್ಗಿದೆ. ಸದ್ದಿಲ್ಲ. ಮತ್ತೆ ಬಿಚ್ಚಿ ಮೇಜಿನ ಡ್ರಾಯರಿನಲ್ಲಿಟ್ಟಿದ್ದೇನೆ. ಅವಳಿಗೆ ಹೇಳಿಲ್ಲ.