ಹಗ್ಗ ಹಿಡಿದ ನಾಲ್ವರು

ತಾರೀಕು ಹದಿನಾಲ್ಕು, ಸೋಮವಾರ

ಅಕ್ಕನಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಣಿಸುತ್ತದೆ, ಕಾಣಿಸಲಿ. ಹೊಸ ಹಾಳೆ ತೆಗೆದುಕೊಳ್ಳುವಷ್ಟು ಮರ್ಯಾದೆ ಇವತ್ತು ನನ್ನಲ್ಲಿ ಉಳಿದಿಲ್ಲ.

ನಾನು ಫೋನ್ ಯಾಕೆ ಎತ್ತುತ್ತಿಲ್ಲ ಎಂದು ಪಕ್ಕದ ಮನೆಯವರನ್ನು ಕೇಳಿದೆಯಂತೆ. ಎತ್ತಿದರೆ ನಾನು ಎರಡು ಮಾತಾಡುವಷ್ಟರಲ್ಲಿ ನೀನು ಪ್ರಾರ್ಥನೆ ಶುರು ಮಾಡಿಬಿಡುತ್ತೀಯ. ಆಮೇಲೆ ನಾನು ಏನೇ ಅಂದರೂ ದೇವರಿಗೆ ಎದುರಾಡಿದ ಹಾಗೆ. ಕಾಗದಕ್ಕೆ ನೀನು ಅಡ್ಡಬಾಯಿ ಹಾಕಲಾರೆ. ಕೂತು ಓದು.

ಮೊದಲು ವಿಷಯ ಹೇಳಿಬಿಡುತ್ತೇನೆ. ಅಮ್ಮನ ಸೇವೆ ಮಾಡಿದ ನಮ್ಮಿಬ್ಬರ ಬದುಕು ಅವಳು ಹೋದಮೇಲೆ ಬರಿದಾಗಿತ್ತು, ಅದಕ್ಕೆ ಯೇಸು ಅರ್ಥ ಕೊಟ್ಟ ಎಂದು ಬರುವ ಭಾನುವಾರ ನಾವಿಬ್ಬರೂ ಸಭೆಯ ಮುಂದೆ ನಿಂತು ಸಾಕ್ಷಿ ಹೇಳುತ್ತೇವೆಂದು ಪಾಸ್ಟರಿಗೆ ಮಾತು ಕೊಟ್ಟು ಬಂದಿದ್ದೀಯ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ನಿಲ್ಲುವುದಿಲ್ಲ. ನನ್ನ ಸುದ್ದಿ ಎತ್ತಿಕೊಂಡು ನೀನೊಬ್ಬಳೇ ನಿಂತೆಯೋ, ಅಕ್ಕ ತಂಗಿ ಅನ್ನುವುದು ಅಲ್ಲಿಗೆ ಮುಗಿಯಿತು. ಕೋಪದಲ್ಲಿ ಅಂದಿದ್ದಾಳೆ ಅಂದುಕೊಂಡು ಸುಮ್ಮನಾಗಬೇಡ. ಕೋಪದಲ್ಲೇ ಅಂದಿದ್ದೇನೆ, ಆದರೆ ಯೋಚನೆ ಮಾಡಿ ಅಂದಿದ್ದೇನೆ.

ಎರಡು ತಿಂಗಳ ಹಿಂದೆ ಒಬ್ಬಳೇ ಮನೆಯಲ್ಲಿ ಕೊರಗಬೇಡ ಎಂದು ನನ್ನನ್ನು ಮೊದಲ ಸಲ ಚರ್ಚಿಗೆ ಎಳೆದುಕೊಂಡು ಹೋದೆಯಲ್ಲ, ಅವತ್ತೇ ನೀನು ಎದ್ದು ನಿಂತು, ‘ಅಮ್ಮನ್ನ ನಾವು ಹೂವಿನ ಹಾಗೆ ನೋಡ್ಕೊಂಡ್ವಿ’ ಅಂದೆ. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ನಾನು ಹಿಂದಿನ ಬೆಂಚಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ನೀನು ಬರುತ್ತಿದ್ದೆ, ಇಲ್ಲ ಅನ್ನುವುದಿಲ್ಲ. ಭಾನುವಾರ ಆರಾಧನೆ ಮುಗಿಸಿಕೊಂಡು, ಒಳ್ಳೆಯ ಬಟ್ಟೆಯಲ್ಲಿ, ಕೈಯಲ್ಲಿ ಹಣ್ಣು ಹಿಡಿದುಕೊಂಡು. ಅಮ್ಮನ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದೆ. ನೀನು ಆಮೆನ್ ಅನ್ನುವುದಕ್ಕೂ ಅವಳು ಹಾಸಿಗೆ ಒದ್ದೆ ಮಾಡಿಕೊಳ್ಳುವುದಕ್ಕೂ ಸರಿಹೋಗುತ್ತಿತ್ತು. ಆಗ ನೀನು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದೆ. ಹೂವಂತೆ! ಹೂವನ್ನು ಮಗ್ಗುಲು ಬದಲಾಯಿಸಿ ಮಲಗಿಸಿ ನೋಡಿದ್ದೀಯಾ? ಸೊಂಟ ಹಿಡಿದುಕೊಳ್ಳುತ್ತದೆ.

ಬದುಕು ಬರಿದಾಗುವುದೆಂದರೆ ಏನು ಎಂದು ನೀನು ಅವತ್ತು ಚೆನ್ನಾಗಿಯೇ ವಿವರಿಸಿದೆ. ನನ್ನದನ್ನೂ ಕೇಳು. ಅಮ್ಮ ಹೋದಮೇಲೆ ಬಂದವರೆಲ್ಲ, ಇನ್ನಾದರೂ ಆರಾಮಾಗಿರು ಅಂದರು. ಆರಾಮಾಗಿರುವುದು ಹೇಗೆಂದು ನನಗೆ ಮರೆತುಹೋಗಿತ್ತು. ನನ್ನ ಊಟವನ್ನೂ ಕಿವುಚಿ ಮೆತ್ತಗೆ ಮಾಡಿಕೊಂಡು ತಿನ್ನುತ್ತಿದ್ದೆ. ಅಂಗಡಿಯವನ ಹತ್ತಿರ ಸೋಪು ಕೇಳಿದರೆ, ಯಾಕಮ್ಮಾ ಹೀಗೆ ಕಿರುಚ್ತೀರಾ ಅಂತ ಅವನು ಬೆಚ್ಚಿಬಿದ್ದ. ಕಿವಿ ಮಂದವಾದವಳ ಜೊತೆ ಮಾತಾಡಿ ಮಾತಾಡಿ ನನ್ನ ಗಂಟಲೇ ಹಾಗಾಗಿತ್ತು. ಹೊಲಿಯಲು ಕೊಟ್ಟವರ ಬಟ್ಟೆ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ರಾಶಿ ಬಿದ್ದಿತ್ತು. ನಾನು ಅಮ್ಮನ ಖಾಲಿ ಮಂಚದ ಎದುರು ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆ. ಸಾಯಬೇಕು ಅಂತ ಅನ್ನಿಸಲಿಲ್ಲ. ಏಳಬೇಕು ಅಂತಲೂ ಅನ್ನಿಸಲಿಲ್ಲ. ಯಾರಿಗೋಸ್ಕರ ಏಳಬೇಕಿತ್ತು, ಹೇಳು?

ಈಗ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಅವತ್ತು ಆರಾಧನೆ ಮುಗಿದಮೇಲೆ ಎಲ್ಲರೂ ನಿನ್ನ ಕೈ ಕುಲುಕುತ್ತಿದ್ದಾಗ ನಾನು ಅಂಗಳದಲ್ಲಿ ಚಹಾದ ಲೋಟ ಹಿಡಿದುಕೊಂಡು ಕುದಿಯುತ್ತಿದ್ದೆ. ಪಕ್ಕದಲ್ಲಿ ವಯಸ್ಸಾದ ಗಂಡಸೊಬ್ಬರು ಚಹಾ ಕುಡಿಯುತ್ತಿದ್ದರು. ಅವರ ಗದ್ದದ ಮೇಲೆ ಒಂದು ಹನಿ ಇಳಿಯಿತು. ನಾನು ಯೋಚನೆಯನ್ನೇ ಮಾಡಲಿಲ್ಲ ಅಕ್ಕಾ, ಕರ್ಚೀಫು ತೆಗೆದು ಅವರ ಗದ್ದ ಒರೆಸಿ, ಮುಖ ಎತ್ತಿಹಿಡಿದು, ಕೆಳಗೆ ಕುತ್ತಿಗೆಯವರೆಗೆ ಇಳಿದಿದೆಯೇನೋ ಅಂತ ಬೇರೆ ನೋಡಿದೆ! ಗುರುತಿಲ್ಲ, ಪರಿಚಯವಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ನಗಲಿಲ್ಲ, ಹಿಂದೆ ಸರಿಯಲೂ ಇಲ್ಲ. ‘ಮನೇಲಿ ಯಾರಿಗಮ್ಮಾ?’ ಎಂದಷ್ಟೇ ಕೇಳಿದರು. ಅಮ್ಮನಿಗೆ, ಈಗಿಲ್ಲ ಅಂದೆ. ತಾವೂ ಹೋದವಾರ ಬಸ್ಸಿನಲ್ಲಿ ಪಕ್ಕದಲ್ಲಿ ನಿದ್ದೆ ಹೋಗಿದ್ದವನ ಸೊಟ್ಟ ಕಾಲನ್ನು ಎತ್ತಿ ನೆಟ್ಟಗೆ ಇಡಲು ಹೋಗಿ ಒದೆ ತಿನ್ನುವುದೊಂದು ಬಾಕಿ ಎಂದು ಅವರು ಹೇಳಿದರು. ಅಮ್ಮ ಹೋದಮೇಲೆ ಮೊದಲ ಸಲ ನಾನು ನಕ್ಕೆ. ನಗುತ್ತ ನಗುತ್ತಲೇ ಗೋಡೆಯ ಕಡೆ ತಿರುಗಿ ಅತ್ತೆ. ಅವರು ಬೈಬಲ್ ವಾಕ್ಯ ಹೇಳಲಿಲ್ಲ, ತಲೆ ಸವರಲಿಲ್ಲ. ನನ್ನ ಲೋಟವನ್ನೂ ಹಿಡಿದುಕೊಂಡು ನಿಂತಿದ್ದರು.

ನಿಮ್ಮ ಸಭೆಯವರೆಲ್ಲ ಅವರನ್ನು ವೆಲ್ಡರಣ್ಣ ಅನ್ನುತ್ತಾರೆ. ಹಿಂದಿನ ಬೆಂಚಿನವರು, ನೀನು ನೋಡಿರಲಾರೆ. ಲಕ್ವ ಹೊಡೆದ ಹೆಂಡತಿಗೆ ಅವರೇ ಎಲ್ಲ. ಮಾರನೇ ದಿನ ಅವರ ಮನೆಗೆ ಹೋದೆ. ಮೂರನೇ ಮಹಡಿ, ಒಂದೇ ಕೋಣೆ, ಮಂಚವನ್ನು ಗೋಡೆಗೆ ಒತ್ತಿಟ್ಟಿದ್ದರು. ಒಂದೇ ಕಡೆಯಿಂದ ಎಳೆದೆಳೆದು ಆಕೆಯ ಸೊಂಟದ ಕೆಳಗೆ ಹುಣ್ಣಾಗಿತ್ತು. ನನಗೆ ರೇಗಿತು. ಅಷ್ಟು ವರ್ಷ ಕಬ್ಬಿಣ ಎತ್ತಿ ಇಳಿಸಿದವರಿಗೆ ಹೆಂಡತಿಯನ್ನು ಎತ್ತುವುದು ಗೊತ್ತಾಗಲಿಲ್ಲವಾ ಎಂದು ಕೂಗಾಡಿದೆ. ಅವರು ಮಂಚವನ್ನು ಕೋಣೆಯ ನಡುವೆ ಎಳೆದರು. ಆವತ್ತಿನಿಂದ ನಾನು ಒಂದು ಕಡೆ, ಅವರು ಇನ್ನೊಂದು ಕಡೆ.

ಆಕೆಗೆ ಮಾತಿಲ್ಲ. ಆಡುವ ಒಂದು ಕೈಯಿಂದ ಕಪಾಟಿನ ಮೇಲಿನ ಬೈಬಲ್ ತೋರಿಸುತ್ತಿದ್ದರು. ಅಣ್ಣನ ಕಣ್ಣನ್ನು ವೆಲ್ಡಿಂಗ್ ಬೆಂಕಿ ತಿಂದುಹಾಕಿದೆ, ಸಣ್ಣ ಅಕ್ಷರ ಕಾಣದು. ಹಾಗಾಗಿ ಓದುವ ಕೆಲಸವೂ ನನ್ನ ತಲೆಗೆ ಬಂತು. ನಂಬಿಕೆಯಿಂದಲ್ಲ, ಬಸ್ಸಿನ ಬೋರ್ಡು ಓದುವ ಹಾಗೆ ಓದುತ್ತಿದ್ದೆ. ಒಂದು ದಿನ ಆ ಪಾರ್ಶ್ವವಾಯು ರೋಗಿಯ ಕಥೆ ಬಂತು. ನಿನಗೆ ಬಾಯಿಪಾಠ ಇರುತ್ತದೆ. ನಾಲ್ಕು ಜನ ಅವನನ್ನು ಹಾಸಿಗೆಸಮೇತ ಹೊತ್ತು ತರುತ್ತಾರೆ, ಬಾಗಿಲಲ್ಲಿ ಜನಜಂಗುಳಿ, ಮಾಡು ಕಿತ್ತು ಮೇಲಿನಿಂದ ಇಳಿಬಿಡುತ್ತಾರೆ. ಯೇಸು ನೋಡಿದ್ದು ಅವರ ನಂಬಿಕೆಯನ್ನು ಎಂದು ಬರೆದಿದೆ. ಹೊತ್ತು ತಂದವರ ನಂಬಿಕೆಯನ್ನು! ನಾನು ನಿಲ್ಲಿಸಿ ಇನ್ನೊಂದು ಸಲ ಓದಿದೆ. ಮಲಗಿದ್ದವನ ಜೊತೆ ಮಾತಾಡುವ ಮೊದಲು ಯೇಸು ತಲೆಯೆತ್ತಿ ಮಾಡಿನ ತೂತಿನ ಕಡೆ ನೋಡಿದ್ದಾನೆ. ಹಗ್ಗ ಹಿಡಿದು, ಬೆವರು ಸುರಿಸುತ್ತ, ಎಲ್ಲಿ ಒಂದು ಕಡೆ ವಾಲುತ್ತದೋ ಎಂದು ಹೆದರಿ ನಿಂತ ಆ ನಾಲ್ವರನ್ನು ನೋಡಿದ್ದಾನೆ. ನಮ್ಮ ಮನೆಗೆ ಬಂದವರು, ಡಾಕ್ಟರಿಂದ ಹಿಡಿದು ನಿನ್ನವರೆಗೆ, ಎಲ್ಲರೂ ಮಂಚದ ಕಡೆ ನೋಡಿದಿರಿ. ಒಬ್ಬರಾದರೂ ತಲೆಯೆತ್ತಿ ನನ್ನನ್ನು ನೋಡಿದಿರಾ?

ಆಮೇಲೆ ಇನ್ನೊಂದು ಸಿಟ್ಟು ಬಂತು. ವಾಸಿಯಾದವನು ಹಾಸಿಗೆ ಎತ್ತಿಕೊಂಡು ಮನೆಗೆ ಹೊರಟ. ಮೇಲಿದ್ದವರ ಗತಿ? ಅವರ ಬಗ್ಗೆ ಒಂದಕ್ಷರ ಇಲ್ಲ. ಖಾಲಿ ಹಗ್ಗ ಹಿಡಿದುಕೊಂಡು ಅವರು ಏನು ಮಾಡಿದರು ಎಂದು ಪಾಸ್ಟರನ್ನು ಹೋಗಿ ಕೇಳಿದೆ, ಜಗಳಕ್ಕೆ ನಿಂತ ಹಾಗೆ. ಅವರು ತಲೆ ಕೆರೆದುಕೊಂಡು, ಗೊತ್ತಿಲ್ಲಮ್ಮಾ ಅಂದರು. ಗೊತ್ತಿಲ್ಲ ಅಂದಿದ್ದಕ್ಕೇ ಅವರ ಮೇಲೆ ಸ್ವಲ್ಪ ಗೌರವ ಬಂತು. ನನಗೆ ಮಾತ್ರ ಈಗ ಗೊತ್ತು. ಇನ್ಯಾರ ಮನೆಯಲ್ಲಿ ಮಂಚ ಇದೆ ಎಂದು ಕೇಳಿಕೊಂಡು ಹೋಗಿರುತ್ತಾರೆ. ಬೇರೆ ಏನು ಮಾಡಲು ಸಾಧ್ಯ?

ನಾನೂ ಪ್ರಾರ್ಥನೆ ಮಾಡುತ್ತೇನೆ ಅಕ್ಕಾ. ನಿನ್ನ ಹಾಗೆ ಮೆತ್ತಗಲ್ಲ. ವೆಲ್ಡರಣ್ಣನ ಬಚ್ಚಲಿನಲ್ಲಿ ಹಾಸಿಗೆಬಟ್ಟೆ ಹಿಂಡುತ್ತ ಬೈಯುತ್ತೇನೆ. ನೋಡುತ್ತಿದ್ದೆಯಂತಲ್ಲ, ಹಾಗಾದರೆ ಅಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತೇನೆ. ಉತ್ತರ ಬಂದಿಲ್ಲ. ಆದರೆ ಎದುರಿಗೆ ಯಾರೋ ನಿಂತು ಬೈಸಿಕೊಳ್ಳುತ್ತಿದ್ದಾರೆ. ತಿಂಗಳುಗಟ್ಟಲೆ ಖಾಲಿ ಕೋಣೆಯ ಜೊತೆ ಮಾತಾಡಿದವಳು ನಾನು, ವ್ಯತ್ಯಾಸ ನನಗೆ ತಿಳಿಯುತ್ತದೆ. ಬೆಳಿಗ್ಗೆ ಏಳುತ್ತೇನೆ. ರಾಶಿ ಬಿದ್ದ ಬಟ್ಟೆಗಳನ್ನು ಹೊಲಿದು ಕೊಡುತ್ತಿದ್ದೇನೆ. ಮಧ್ಯಾಹ್ನ ಮೂರು ಮಹಡಿ ಹತ್ತುತ್ತೇನೆ.

ಇದನ್ನು ನಿನ್ನ ಸಾಕ್ಷಿಗೆ ಹೇಗೆ ಹೊಂದಿಸುತ್ತೀಯ? ನಿನಗೆ ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವಂಥದ್ದು ಬೇಕು. ಆಕೆಯ ಹುಣ್ಣು ಇನ್ನೂ ಮಾಯ್ದಿಲ್ಲ. ಮಾಯದೆಯೂ ಹೋಗಬಹುದು. ಅಮ್ಮನ ಹಾಗೆ ಆಕೆಯೂ ಒಂದು ದಿನ ಹೋದರೆ ನನ್ನ ನಂಬಿಕೆ ಏನಾಗುತ್ತದೋ ನನಗೇ ಗೊತ್ತಿಲ್ಲ. ಇಷ್ಟು ಕಷ್ಟಪಟ್ಟು ಸಿಕ್ಕಿದ್ದನ್ನು ನೀನು ಮೈಕಿನ ಮುಂದೆ ಇಟ್ಟು ಹಾಡಿಸಲು ಬಿಡುವುದಿಲ್ಲ. ಪಾಸ್ಟರಿಗೆ ನೀನೇ ಹೋಗಿ ಇಲ್ಲ ಅನ್ನು.

ಬರೆದರೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ಸುಳ್ಳು.

ಇನ್ನೂ ನಿನ್ನ ತಂಗಿಯೇ ಆಗಿರುವ,
ಬೆಂಕಿಪೊಟ್ಟಣ

ತಾ.ಕ.: ಶನಿವಾರ ಬೆಳಿಗ್ಗೆ ನಾನು ದೀಕ್ಷಾಸ್ನಾನ ತೆಗೆದುಕೊಳ್ಳುತ್ತಿದ್ದೇನೆ. ಪಾಸ್ಟರಿಗೂ ವೆಲ್ಡರಣ್ಣನಿಗೂ ಬಿಟ್ಟು ಯಾರಿಗೂ ಹೇಳಿಲ್ಲ. ನೀರಿನಿಂದ ಎದ್ದು ಬಂದಾಗ ಟವಲ್ ಹಿಡಿದು ನಿಲ್ಲಲು ನಮ್ಮ ಕಡೆಯ ಹೆಂಗಸು ಒಬ್ಬರು ಬೇಕಂತೆ, ಯಾರು ಬರುತ್ತಾರೆ ಎಂದು ಪಾಸ್ಟರು ಕೇಳಿದರು. ಯಾರೂ ಇಲ್ಲ ಅನ್ನಬೇಕೆಂದೇ ಬಾಯಿ ತೆರೆದೆ, ‘ನಮ್ಮಕ್ಕ’ ಅಂತ ಬಂದುಬಿಟ್ಟಿತು. ಬಾ. ಪ್ರಾರ್ಥನೆ ಮಾಡಬೇಡ, ಅಳಬೇಡ, ಯಾರಿಗೂ ಏನೂ ಹೇಳಬೇಡ. ನನ್ನ ತಲೆ ಒರೆಸು, ಸಾಕು.