ನನ್ನ ಸೀಟಿನ್ಯಾಗ ನೇಹಾ

ಜೂನ್ 8, ರವಿವಾರ
ಚಹಾ ಆತು. ಲಾನಿಗೆ ನೀರು ಬಿಟ್ಟೆ. ಗ್ಯಾರೇಜ್ ತೆಗೆದು ನೋಡಿದೆ — ಖಾಲಿ. ನಾನೂ ದೋಸ್ತ ಶ್ರೀಶೈಲೂ ಆರು ವರ್ಷ ಆ 1978ರ ಕೆಂಪು ಸ್ಪೋರ್ಟ್ಸ್ ಕಾರಿನ ಕೆಳಗ ಮಲಗಿ ಬೆನ್ನು ಹಾಳು ಮಾಡ್ಕೊಂಡ್ವಿ. ಈಗ ಅದು ಬ್ರಸೆಲ್ಸ್‌ನ್ಯಾಗ. ನಾಳೆ ಹಳೇ ಗಾಡಿಗಳ ರ‍್ಯಾಲಿ ಶುರು, ಲಿಸ್ಬನ್ ತನಕ, ನಾಕು ಸಾವಿರ ಕಿಲೋಮೀಟರ್. ಡ್ರೈವ್ ಮಾಡಾಂವ ಶ್ರೀಶೈಲ್. ಪಕ್ಕದಾಗ ಕೂತು ದಾರಿ ಹೇಳಾಕಿ ನನ್ನ ಹೆಂಡತಿ ನೇಹಾ.

ನಾ ಇಲ್ಲಿ, ಅಮೆರಿಕಾದಾಗ, ಕಾಪೆಲ್‌ನ್ಯಾಗ.

ಗ್ರೀನ್ ಕಾರ್ಡ್ ಅದಲ್ಲ, ಯುರೋಪಿಗೆ ಮತ್ತ್ಯಾಕ ವೀಸಾ ಅಂತ ತಿಳ್ಕೊಂಡಿದ್ದೆ. ಏರ್‌ಪೋರ್ಟ್ ಕೌಂಟರಿನ ಹುಡುಗಿ ಇಂಡಿಯನ್ ಪಾಸ್‌ಪೋರ್ಟ್ ಎರಡು ಸಲ ತಿರುವಿ, ಸಾರಿ ಸರ್ ಅಂದ್ಲು. ಬಾಗಲಕೋಟಿ ಹೊಲ ಕೈ ತಪ್ಪಬಾರದು ಅಂತ ನಾ ಇಲ್ಲಿಯ ಸಿಟಿಜನ್‌ಶಿಪ್ ತಗೊಂಡಿಲ್ಲ. ನೇಹಾ ತಗೊಂಡಾಗ ಚಾಷ್ಟಿ ಮಾಡಿದ್ದೆ. ಮೂರು ದಿನಕ್ಕ ನನ್ನ ಬದಲಿ ಅಕಿ ಹೋದ್ಲು.

ಜೂನ್ 11, ಬುಧವಾರ
ಗ್ರೂಪ್‌ನ್ಯಾಗ ಫೋಟೋ. ಶ್ರೀಶೈಲ್‌ನ ಟೊಪಗಿ ಅಕಿ ತಲಿ ಮ್ಯಾಲೆ. ಇಬ್ಬರೂ ನಗಾಕತ್ತಾರ. ಮೂವತ್ತು ಮಂದಿ ಹಾರ್ಟ್ ಹಾಕ್ಯಾರ.

ಹೊಟ್ಟಿ ಉರೀತದ. ಅವರಿಬ್ಬರ ನಡುವ ಏನೂ ಇಲ್ಲ, ಗೊತ್ತದ ನನಗ. ಆದ್ರೂ ಎರಡೇ ಸೀಟಿನ ಗಾಡಿ ಅದು. ನನ್ನ ಜೋಡಿ ಹ್ಯೂಸ್ಟನ್‌ಗೆ ಹೊಂಟ್ರ ನಾಕೂ ತಾಸು ನಿದ್ದಿ ಹೊಡೀತಾಳ.

ಗಾಡಿ ಎಲ್ಲ್ಯಾರೆ ಕೆಡಲಿ. ಹೂಂ, ಬರದೇ ಬಿಡ್ತೀನಿ — ಕೆಡಲಿ.

ಜೂನ್ 17, ಮಂಗಳವಾರ, ಮುಂಜಾನೆ 8.20
ನೇಹಾ ಫೋನ್. ಎತ್ತಲಿಲ್ಲ. ಮತ್ತ ಬಂತು. ಎತ್ತಲಿಲ್ಲ. ಆಮ್ಯಾಲೆ ಮೆಸೇಜ್: "ಸ್ಪೇನ್‌ನ್ಯಾಗ ನಿಂತೀವ್ರಿ. ಇಲ್ಲಿ ಮಧ್ಯಾಹ್ನ ಮೂರು ದಾಟೇದ, ಭಾಳ ಬಿಸಿಲು. ಗಾಡಿ ಚಾಲೂ ಆಗವಲ್ತು. ಐದರೊಳಗ ಚೆಕ್‌ಪಾಯಿಂಟ್ ಮುಟ್ಟದಿದ್ರ ನಾವು ಔಟ್. ಏನ್ ಮಾಡೂದ್ರಿ?"

ಗೊತ್ತದ. ಎಂಜಿನ್ನಿಗೆ ಪೆಟ್ರೋಲ್ ಎಳಿಯೋ ಪಂಪ್ ಕಾದಿರತದ. ನೀರಾಗ ಅದ್ದಿದ ಅರಬಿ ಸುತ್ತಿ ಹತ್ತು ನಿಮಿಷ ಬಿಟ್ರ ಆತು. ಹುಬ್ಬಳ್ಳಿ ಟ್ಯಾಕ್ಸಿಯವರು ಹಂಗ ಮಾಡ್ತಿದ್ರು. ಶ್ರೀಶೈಲ್‌ಗ ಬಣ್ಣ, ಸೀಟು ಅಷ್ಟ ಗೊತ್ತು. ಎಂಜಿನ್ ನಂದು.

ಟೈಪ್ ಮಾಡಿದೆ. ಅಳಿಸಿದೆ. ಫೋನ್ ಬೋರಲ ಹಾಕಿ ಅಡಗಿ ಮನಿ ಟೇಬಲ್ಲಿಗೆ ಕೂತೆ…

9.10
ಕಳಿಸಿದೆ.

ಕಾಲು ತಾಸಿಗೆ ಉತ್ತರ: "ಚಾಲೂ ಆತ್ರಿ. ಮೀಟಿಂಗ್‌ನ್ಯಾಗ ಇದ್ರೇನ್ರಿ?"

ಹೂಂ ಅಂತ ಬರದೆ.

ಜೂನ್ 20, ಶುಕ್ರವಾರ
ಲಿಸ್ಬನ್ ಮುಟ್ಟಿದ್ರು. ಅರವತ್ತೊಂದು ಗಾಡಿಯೊಳಗ ನಲವತ್ನಾಕನೇದು. ವಿಡಿಯೋ ಬಂತು. ಡ್ರೈವರ್ ಬಾಗಿಲದಿಂದ ಇಳದಾಕಿ ನೇಹಾ. ಶ್ರೀಶೈಲ್‌ಗ ಬೆನ್ನು ಹಿಡದಿತ್ತಂತ, ಕಡೀ ಎರಡು ದಿನ ಅಕಿನೇ ಓಡಿಸ್ಯಾಳ. ಕಣ್ಣಾಗ ನೀರು ಬಂತು. ಖುಷಿಗಲ್ಲ.

ಜೂನ್ 22, ರವಿವಾರ
ನಿಹಾರಿಕಾ — ಮಗಳು, ರಜಾಕ್ಕ ಆಸ್ಟಿನ್‌ನಿಂದ ಬಂದು ತಿಂಗಳಿಂದ ಮನ್ಯಾಗ ಇದ್ದಾಕಿ — ಸೀರಿಯಲ್ ತಿನ್ಕೋತ ಅಂದ್ಲು, "ಪಪ್ಪಾ, ಮಾಮ್ ಟೆಕ್ಸ್ಟೆಡ್ ಮೀ ದಟ್ ಡೇ. ನೀವು ಮೀಟಿಂಗ್‌ನಲ್ಲಿ ಇದೀರಾ ಅಂತ."

"ಯಾವತ್ತ?"

"ಕಾರ್ ನಿಂತಿತ್ತಲ್ಲ, ದಟ್ ಮಾರ್ನಿಂಗ್."

"ನೀ ಏನಂದಿ?"

"ಐ ಸೆಡ್ ನೋ. ಹೀ ಈಸ್ ಜಸ್ಟ್ ಸಿಟಿಂಗ್ ಹಿಯರ್."

ಅಂದ್ರ ನೇಹಾಗ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ಲು. ಐದು ದಿನ ಆತು, ಒಂದು ಮಾತು ಎತ್ತಿಲ್ಲ. ದಿನಾ ಫೋನ್ ಮಾಡ್ಯಾಳ, ಊಟ ಆತೇನ್ರಿ ಅಂದಾಳ.

ಇವತ್ತ ಮೂರಕ್ಕ ಅಕಿ ಫ್ಲೈಟ್ ಇಳೀತದ. ಅಕಿ ಕೇಳೂದಿಲ್ಲ, ನಾನೇ ಹೇಳಬೇಕು. ಇಲ್ಲಿ ಒಮ್ಮೆ ಬರದು ನೋಡ್ತೀನಿ —

ನೇಹಾ, ಅವತ್ತ ನಾ ಬೇಕಂತಲೇ…