ಕಾಲುವೆ ಬತ್ತಿಸಿದ ದಿನ

ನವೆಂಬರ್ ೧೪, ಮಂಗಳವಾರ

‘ನುಂಗಿದ್ದನ್ನು ನೀರು ಒಂದು ದಿನ ಮರಳಿಸುತ್ತದೆ.’ ಎಲ್ಲಿ ಓದಿದ ಸಾಲೋ. ‘ಮರಳಿಸುತ್ತದೆ’ ಎಂದಿತ್ತೋ, ‘ತೋರಿಸುತ್ತದೆ’ ಎಂದಿತ್ತೋ. ಹೇಗಿದ್ದರೂ ಇವತ್ತು ಸುಳ್ಳಾಯಿತು.

ರೈಲು ಸೇತುವೆಯ ಕೆಳಗಿನ ಕಾಲುವೆಯನ್ನು ದುರಸ್ತಿಗೆಂದು ಬತ್ತಿಸಿದರು, ಅರ್ಧ ಶತಮಾನದಲ್ಲಿ ಮೊದಲ ಸಲ. ಬರ್ಮಿಂಗ್‌ಹ್ಯಾಮಿನ ಈ ಹೊರವಲಯ ಕಾಲುವೆಯಿಂದಲೇ ಹುಟ್ಟಿತೆಂಬ ನನ್ನ ಪ್ರಬಂಧಕ್ಕೆ ಹಳೆಯ ಇಟ್ಟಿಗೆಗೋಡೆಯ ಚಿತ್ರ ಬೇಕಿತ್ತು. ತೆಗೆಯಲಾಗಲಿಲ್ಲ. ಪಕ್ಕದ ಮನೆಯ ಎನಿಡ್ ನನ್ನ ತೋಳು ಹಿಡಿದು ನಿಂತಿದ್ದರು. ಮದುವೆಯಾದ ಮರುವರ್ಷ, ಮಂಜಿನ ರಾತ್ರಿ ಕಾಣೆಯಾದ ಗಂಡ ರೆಗ್ ಮೋಟಾರ್ ಸೈಕಲ್ ಸಮೇತ ಇಲ್ಲೇ ಬಿದ್ದನೆಂದು ನಂಬಿದವರು. ಪ್ರತಿ ಕ್ರಿಸ್‌ಮಸ್‌ಗೂ ಸೇತುವೆಯಿಂದ ಹೂ ಎಸೆಯುವವರು.

ಮೀನುಗಳನ್ನು ತೊಟ್ಟಿಗಳಲ್ಲಿ ಸಾಗಿಸಿದ ಮೇಲೆ ಕೆಸರು ಕಂಡಿತು. ಅಂಗಡಿಯ ತಳ್ಳುಗಾಡಿಗಳು, ಒಂದು ಕಬ್ಬಿಣದ ಮಂಚ.

“ಎನಿಡ್, ನಿಮ್ಮ ಹಲ್ಲುಸೆಟ್ಟು ಸಿಕ್ರೆ ಕೂಗ್ತೀನಿ,” ಎಂದ ಎದುರುಮನೆಯ ಬ್ರಯನ್.

“ನಿನ್ನ ಬುದ್ಧಿ ಸಿಕ್ರೆ ಮೊದ್ಲು ಎತ್ಕೊ,” ಎಂದರು ಎನಿಡ್. ತೋಳು ಬಿಡಲಿಲ್ಲ.

ಸಿಗಲಿ, ಸಿಗಲಿ ಎಂದೇ ನಾನೂ ಬೇಡುತ್ತಿದ್ದೆ. ಒಬ್ಬನ ಎಲುಬು ಸಿಗಲೆಂದು ಬೇಡುವುದು ಎಂಥ ಪ್ರಾರ್ಥನೆ. ಕೆಲಸಗಾರರು ಸಂಜೆಯವರೆಗೂ ಕೆದಕಿದರು. ಮೋಟಾರ್ ಸೈಕಲ್ ಇರಲಿಲ್ಲ.

ಆಮೇಲೆ, ದಂಡೆಯಲ್ಲಿ ಕೊಟ್ಟಿದ್ದ ನನ್ನ ಚಹಾ ಫ್ಲಾಸ್ಕನ್ನು ಎನಿಡ್ ತೊಳೆದು ತಂದರು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು:

“ಹಾಗಾದ್ರೆ ಅವನು ಸತ್ತಿರ್ಲಿಲ್ಲ ಕಣೇ. ನನ್ನ ಬಿಟ್ಟು ಹೋಗಿದ್ದ.”